ಸಾಕು ಎಂಬ ಮಾತು

ಹಣದಿಂದ ಹಣವನ್ನು ಬೆಳೆಸುವ ವ್ಯವಹಾರದಲ್ಲಿ ತೊಡಗಿದ ಸಮುದಾಯವೊಂದು, ತಮ್ಮವನೊಬ್ಬನು ಕಾಲಾಧೀನನಾದನೆಂದು, ಮನೆಯ ಹಿರಿಯನನ್ನು ಕಳೆದುಕೊಂಡವರಂತೆ ಶೋಕಿಸಿತೆಂದರೆ ಲೋಕಾನುಭವವುಳ್ಳವರು ಥಟ್ಟನೆ ನಂಬಲಾರರು. ಏಕೆಂದರೆ ಷೇರುಪೇಟೆಯಲ್ಲಿ ಮರಣವಾರ್ತೆಗೂ ಒಂದು ಬೆಲೆಯುಂಟು, ಅದರಿಂದ ಏರಿತೋ ಇಳಿಯಿತೋ ಎಂದು ಮೊದಲು ನೋಡಿ ಆಮೇಲೆ ಅಳುವುದೇ ಅಲ್ಲಿಯ ಸಂಪ್ರದಾಯವೆಂದು ನಮ್ಮ ಭಾವನೆ. ಆದರೆ 2019ರ ಜನವರಿ 16ರಂದು ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಬ್ರಿನ್ ಮಾರ್ ಎಂಬ ಊರಿನಲ್ಲಿ, ಸಾಮಾನ್ಯರ ಹಣ ಹೂಡುವ ಸಂಸ್ಥೆಯೊಂದನ್ನು ಕಟ್ಟಿದ ಜಾನ್ ಬೋಗಲ್ ತನ್ನ 89ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಡೆದದ್ದು ಹೀಗೆಯೇ. ಆತನ ಹೆಸರನ್ನೇ ತಮ್ಮ ಕುಲನಾಮ ಮಾಡಿಕೊಂಡು, ಅರ್ಧ ಹಾಸ್ಯದಿಂದಲೂ ಅರ್ಧ ಹೆಮ್ಮೆಯಿಂದಲೂ ತಮ್ಮನ್ನು ‘ಬೋಗಲ್‌ಹೆಡ್’ಗಳೆಂದು ಕರೆದುಕೊಂಡು, ತಮ್ಮ ವಾರ್ಷಿಕ ಕೂಟಗಳಿಗೆ ಆತನೇ ಬಂದು ಕುಳಿತು ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದುದನ್ನು ಕೇಳಿ ಸಂತೋಷಪಟ್ಟಿದ್ದ ಸಾಮಾನ್ಯ ಹೂಡಿಕೆದಾರರು, ಆ ದಿನ ಒಬ್ಬರಿಗೊಬ್ಬರು ಹೇಳಿಕೊಂಡದ್ದು ಲಾಭದ ಲೆಕ್ಕವನ್ನಲ್ಲ, ತಾವು ನೆಮ್ಮದಿಯಿಂದ ನಿವೃತ್ತರಾದುದು, ಮಕ್ಕಳನ್ನು ಓದಿಸಿದುದು, ಪೇಟೆ ಕುಸಿದ ರಾತ್ರಿಯೂ ನಿದ್ರೆ ಮಾಡಿದುದು ಈ ಮುದುಕನಿಂದ ಎಂಬ ಋಣದ ಲೆಕ್ಕವನ್ನು. (ಈ ಹೆಸರಿನ ಮೊದಲಕ್ಷರದ ದೀರ್ಘವನ್ನು ಅಚ್ಚುಮನೆಯವರು ಮರೆತರೆ ಅದು ಕನ್ನಡದ ‘ಬೊಗಳೆ’ಗೆ ನೆರೆಮನೆಯಾಗಿಬಿಡುತ್ತದೆ, ಆತನ ಸಮಕಾಲೀನರಲ್ಲಿ ಅನೇಕರಿಗೆ ಆತನ ಮಾತು ಬೊಗಳೆಯಾಗಿಯೇ ಕೇಳಿಸಿತ್ತೆಂಬುದೂ ನಿಜ.)

ಈ ಮನುಷ್ಯನ ಒಂದು ಪುಸ್ತಕದ ಶೀರ್ಷಿಕೆ ಒಂದೇ ಒಂದು ಪದ, ಅದರ ಮುಂದೆ ಒಂದು ಪೂರ್ಣವಿರಾಮ. ಕನ್ನಡದಲ್ಲಿ ಹೇಳುವುದಾದರೆ, ‘ಸಾಕು.’ 2008ರ ಆರ್ಥಿಕ ಕುಸಿತದ ಹೊತ್ತಿಗೆ ಹೊರಬಂದ ಆ ಗ್ರಂಥದಲ್ಲಿ ಆತ ಒಂದು ಪ್ರಸಂಗವನ್ನು ನೆನೆಯುತ್ತಾನೆ. ಕೋಟ್ಯಧೀಶನೊಬ್ಬನ ಮನೆಯ ಔತಣಕ್ಕೆ ಹೋಗಿದ್ದ ಕಾದಂಬರಿಕಾರರಿಬ್ಬರಲ್ಲಿ ಕರ್ಟ್ ವಾನೆಗಟ್ ಎಂಬಾತ, ನಿನ್ನ ಕಾದಂಬರಿ ಇಷ್ಟು ವರ್ಷ ಗಳಿಸಿದ್ದಕ್ಕಿಂತ ಹೆಚ್ಚನ್ನು ನಮ್ಮ ಆತಿಥೇಯ ಒಂದೇ ದಿನದಲ್ಲಿ ಗಳಿಸಿದ್ದಾನಲ್ಲಾ ಎಂದು ಕೆಣಕಲು, ಜೋಸೆಫ್ ಹೆಲ್ಲರ್ ಎಂಬಾತ, ಅವನಲ್ಲಿ ಎಂದೂ ಇರಲಾರದ ವಸ್ತುವೊಂದು ತನ್ನಲ್ಲಿದೆ, ಅದು ‘ಸಾಕು’ ಎಂಬುದು, ಎಂಬರ್ಥದ ಉತ್ತರ ಕೊಟ್ಟನಂತೆ.

ಈ ಉತ್ತರವನ್ನು ನಾನು ಕನ್ನಡಕ್ಕೆ ತರಲು ಹೊರಟಾಗ ವ್ಯಾಕರಣ ಅಡ್ಡ ಬಂದಿತು. ಬಂದದ್ದು ಒಳ್ಳೆಯದೇ ಆಯಿತು. ಇಂಗ್ಲಿಷಿನಲ್ಲಿ ಅದು ಒಡವೆಯಂತೆ ಇಟ್ಟುಕೊಳ್ಳಬಹುದಾದ ವಸ್ತು. ನಮ್ಮಲ್ಲಿ ‘ಸಾಕು’ ನಾಮಪದವಲ್ಲ, ಕ್ರಿಯಾಪದ. ಹಳಗನ್ನಡದ ‘ಸಾಲ್’ ಧಾತುವಿನಿಂದ ಹುಟ್ಟಿದ ‘ಸಾಲ್ಗುಂ’ ಎಂಬ ರೂಪವೇ, ‘ಬೇೞ್ಕುಂ’ ಸವೆದು ‘ಬೇಕು’ ಆದಂತೆ, ಬಾಯಿಂದ ಬಾಯಿಗೆ ಸವೆದು ‘ಸಾಕು’ ಆಗಿದೆ. ಆದುದರಿಂದ ಬೇಕು ಸಾಕುಗಳು ಅರ್ಥದಲ್ಲಿ ವೈರಿಗಳಾದರೂ ರೂಪದಲ್ಲಿ ಒಡಹುಟ್ಟಿದವು, ಎರಡೂ ಒಂದೇ ಅಚ್ಚಿನಲ್ಲಿ ಎರಕಗೊಂಡವು. ಬೇಸತ್ತಾಗ ನಮ್ಮ ಜನ ‘ಸಾಕುಬೇಕಾಗಿ ಹೋಯಿತು’ ಎಂದು ಎರಡನ್ನೂ ಒಂದೇ ನೊಗಕ್ಕೆ ಕಟ್ಟುವುದೂ ಉಂಟು. ಅದೇ ಧಾತುವಿನ ನಿಷೇಧ ‘ಸಾಲದು’. ಅದರ ಪಕ್ಕದಲ್ಲಿಯೇ ‘ಸಾಲ’ ನಿಂತಿರುವುದನ್ನು ಕಿವಿ ಗಮನಿಸದಿರಲಾರದು, ಸಾಲದೆಂದವನಲ್ಲವೆ ಸಾಲಕ್ಕೆ ಹೋಗುವವನು? ಇದು ಕಿವಿಯ ವ್ಯುತ್ಪತ್ತಿಯೇ ಹೊರತು ಶಾಸ್ತ್ರದ್ದಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹೇಳಹೊರಟದ್ದು ಇಷ್ಟು: ಕನ್ನಡದಲ್ಲಿ ಸಾಕನ್ನು ಯಾರೂ ಇಟ್ಟುಕೊಂಡಿರಲಾರರು, ಅದನ್ನು ಆಡಬೇಕು. ಅಷ್ಟೇ ಅಲ್ಲ, ಅದಕ್ಕೆ ಚತುರ್ಥಿಯ ಕಟ್ಟುಪಾಡೊಂದುಂಟು: ‘ನನಗೆ ಸಾಕು.’ ಸಾಕೆನಿಸಿದವನು ಯಾರೋ ಅವನೇ ಅದನ್ನು ಹೇಳಬೇಕಾದವನು.

ಈ ಕಟ್ಟುಪಾಡಿನ ಪಾಠಶಾಲೆ ನಮ್ಮ ಊಟದ ಪಂಕ್ತಿ. ಎಲೆಯ ಮೇಲೆ ಅಂಗೈ ಅಡ್ಡಹಿಡಿದು ಹೇಳುವ ಮೊದಲ ‘ಸಾಕು’ ಕೇವಲ ಶಿಷ್ಟಾಚಾರ, ಬಡಿಸುವವನು ಅದನ್ನು ಲೆಕ್ಕಕ್ಕಿಡುವುದಿಲ್ಲ, ಎರಡನೆಯದು ಸಂದಿಗ್ಧ, ಮೂರನೆಯದನ್ನು ಹೇಳುವ ಹೊತ್ತಿಗೆ ಉಣ್ಣುವವನು ಎಲೆಯ ಮೇಲೆ ಅರ್ಧ ಬಾಗಿರುತ್ತಾನೆ, ಅದು ಮಾತ್ರ ಸತ್ಯ. ಸಂಸ್ಕೃತದ ‘ಅಲಮ್’ ಎಂಬ ಅವ್ಯಯವೂ ಇದೇ ಅರ್ಥದ್ದಾದರೂ ಅದರ ಭಾಗ್ಯವೇ ಬೇರೆ. ಅದಕ್ಕೆ ‘ಕಾರ’ ಸೇರಿ ‘ಅಲಂಕಾರ’ವಾಗಿ, ಸಾಕೆನ್ನುವಂತೆ ಮಾಡಬೇಕಾದದ್ದು ಕಾಲಕ್ರಮದಲ್ಲಿ ಎಷ್ಟು ಹೇರಿದರೂ ಸಾಲದೆನ್ನುವ ಶೃಂಗಾರವಾಗಿ ಪರಿಣಮಿಸಿತು. ನಮ್ಮ ಪದಕ್ಕೂ ಇಂಥ ಗ್ರಹಚಾರ ತಪ್ಪಿಲ್ಲ. ‘ಸಾಕಷ್ಟು’ ಎಂದರೆ ಮೊದಲು ಸಾಕಾಗುವಷ್ಟು, ಅದಕ್ಕೆ ಮೇಲಲ್ಲ. ಈಗ ‘ಸಾಕಷ್ಟು ದುಡ್ಡು ಮಾಡಿದ್ದಾನೆ’ ಎಂದರೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಮಾಡಿದ್ದಾನೆಂದು ತಾತ್ಪರ್ಯ. ನಾಣ್ಯದಂತೆ ಪದಕ್ಕೂ ಹಣದುಬ್ಬರವುಂಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ‘ಪ್ರವಾಹದಿಂದ ಸಾಕಷ್ಟು ಸಾವುನೋವು ಸಂಭವಿಸಿದೆ’ ಎಂಬಂಥ ವಾಕ್ಯ ಬರೆಯುವ ವರದಿಗಾರನನ್ನು, ಸ್ವಾಮಿ, ಎಷ್ಟು ಜನ ಸತ್ತರೆ ತಮಗೆ ಸಾಕಾಗುತ್ತಿತ್ತು ಎಂದು ಕೇಳಬೇಕೆನಿಸುತ್ತದೆ.

ಸಾಕೆಂದವರ ಕಥೆ ನಮಗೆ ಹೊಸದಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಬೋಗಲನ ಶಿಷ್ಯರನ್ನು ಲಕ್ಕಮ್ಮನ ಪಂಕ್ತಿಯಲ್ಲಿ ಕೂರಿಸುವುದು ಉಪಚಾರದ ಮಾತಾದೀತು. ಅವರು ನಾಳೆಗೆ, ನಾಡಿದ್ದಿಗೆ, ಮೂವತ್ತು ವರ್ಷದಾಚೆಯ ಮುಪ್ಪಿಗೆ ಕೂಡಿಡುವ ಜನ. ಅವರಿಗೆ ನಿಜವಾಗಿ ಹತ್ತಿರವಾದುದು ಜೈನಶ್ರಾವಕನ ಪರಿಗ್ರಹಪರಿಮಾಣ ವ್ರತ: ಸಂಸಾರ ಬಿಡಬೇಕಾಗಿಲ್ಲ, ಸಂಪಾದನೆ ಬಿಡಬೇಕಾಗಿಲ್ಲ, ಇಷ್ಟರಾಚೆಗೆ ನನಗೆ ಬೇಡವೆಂದು ಎಲ್ಲೆಯನ್ನು ಮಾತ್ರ ತಾನೇ ಗೊತ್ತುಮಾಡಿಕೊಳ್ಳಬೇಕು.

ಬೋಗಲ್ ಆ ಎಲ್ಲೆಯನ್ನು ಎಳೆದದ್ದು ಹೂಡುವವನ ಸುತ್ತಲಲ್ಲ, ಹೂಡುವವನ ಹಣವನ್ನು ಆಳುವವನ ಸುತ್ತ. ಆತನ ಸಿದ್ಧಾಂತ ಒಂದು ಕೂಡುಕಳೆಯುವಿಕೆಯ ಲೆಕ್ಕ. ಹೂಡಿಕೆದಾರರೆಲ್ಲರೂ ಸೇರಿ ಪೇಟೆ ಕೊಟ್ಟದ್ದಕ್ಕಿಂತ ಹೆಚ್ಚನ್ನು ಪಡೆಯಲಾರರು. ಅದರಲ್ಲಿ ದಲ್ಲಾಳಿಗಳೂ ನಿರ್ವಾಹಕರೂ ತೆಗೆದುಕೊಂಡದ್ದನ್ನು ಕಳೆದು ಉಳಿದದ್ದಷ್ಟೇ ಅವರದು. ಆ ಕಳೆತ ಕಣ್ಣಿಗೆ ಅಲ್ಪವಾಗಿ ಕಾಣುತ್ತದೆ. ವರ್ಷಕ್ಕೆ ಶೇಕಡಾ 7ರಂತೆ ಬೆಳೆದ 1,000 ರೂಪಾಯಿ 50 ವರ್ಷಗಳಲ್ಲಿ ಸುಮಾರು 29,000 ಆಗುತ್ತದೆ. ಆ ಏಳರಲ್ಲಿ ಎರಡನ್ನು ನಡುವಿನವರು ತೆಗೆದುಕೊಂಡು ಐದೇ ಉಳಿದರೆ ಸುಮಾರು 11,000. ಬಂಡವಾಳವೆಲ್ಲ ಒಬ್ಬನದು, ನಷ್ಟದ ಭಯವೆಲ್ಲ ಅವನದು, ಫಲದ ಬಹುಪಾಲು ಇನ್ನೊಬ್ಬನದು. ಈ ಅನ್ಯಾಯವನ್ನು ಕಂಡು ಆತ 1974ರಲ್ಲಿ, ತಾನು ಮುಖ್ಯಸ್ಥನಾಗಿದ್ದ ಸಂಸ್ಥೆಯಿಂದ ಹೊರದೂಡಲ್ಪಟ್ಟ ವರ್ಷದಲ್ಲಿಯೇ, ವ್ಯಾನ್‌ಗಾರ್ಡ್ ಎಂಬ ಸಂಸ್ಥೆಯನ್ನು ಕಟ್ಟಿದ. ಅದರ ಒಡೆಯರು ಅದರ ನಿಧಿಗಳೇ, ಎಂದರೆ ಆ ನಿಧಿಗಳಲ್ಲಿ ಹಣವಿಟ್ಟವರೇ. ಲಾಭ ಒಡೆಯನಿಗೆ ಸಲ್ಲಬೇಕಾದುದು ನ್ಯಾಯವಾದ್ದರಿಂದ ಅದು ಖರ್ಚಿನ ಇಳಿತವಾಗಿ ಅವರಿಗೇ ಹಿಂದಿರುಗಿತು. ಕಟ್ಟಿದವನು ಬಡವನಾಗಲಿಲ್ಲ, ಆದರೆ ಅವನ ಸರಿಸಮಾನರು ಏರಿದ ಕುಬೇರಪದವಿಯನ್ನೂ ಏರಲಿಲ್ಲ.

1976ರಲ್ಲಿ ಆತ, ಯಾವ ಕಂಪನಿ ಗೆದ್ದೀತೆಂದು ಜಾತಕ ನೋಡುವ ಗೋಜಿಲ್ಲದೆ 500 ಕಂಪನಿಗಳ ಸೂಚ್ಯಂಕವನ್ನೇ ಇಡಿಯಾಗಿ ಕೊಳ್ಳುವ, ಸಾಮಾನ್ಯರಿಗಾಗಿ ಮೀಸಲಾದ ಮೊದಲ ನಿಧಿಯನ್ನು ಪೇಟೆಗೆ ತಂದ. 15 ಕೋಟಿ ಡಾಲರ್ ಕೂಡೀತೆಂದು ನಿರೀಕ್ಷೆ. ಕೂಡಿದ್ದು 1 ಕೋಟಿ 13 ಲಕ್ಷ. ಐನೂರು ಕಂಪನಿಗಳ ಷೇರುಗಳನ್ನು ನೂರು ನೂರರ ಕಂತೆಯಲ್ಲಿ ಕೊಳ್ಳುವುದಕ್ಕೂ ಆ ಹಣ ಸಾಲದು. ಹಿಂದಿರುಗಿಸಿ ಕೈತೊಳೆದುಕೊಳ್ಳೋಣ ಎಂದರು ಹಣ ಎತ್ತಿಕೊಡುವ ಭಾರ ಹೊತ್ತವರು. ಆತ ಒಪ್ಪಲಿಲ್ಲ. ಎಲ್ಲರೂ ಸಾಲದು ಎಂದ ಗಳಿಗೆಯಲ್ಲಿ ಸಾಕು ಎಂದವನು ಆತನೊಬ್ಬನೇ, ಪೇಟೆಯವರು ಅದನ್ನು ‘ಬೋಗಲನ ಹುಚ್ಚು’ ಎಂದು ಕರೆದರು. ನಲವತ್ತು ವರ್ಷ ಕಳೆದು, 2017ರ ಮೇ ತಿಂಗಳಲ್ಲಿ, 88 ತುಂಬಲು ಎರಡು ದಿನವಿದ್ದಾಗ, ಒಮಾಹಾ ನಗರದ ತುಂಬಿದ ಸಭೆಯಲ್ಲಿ ವಾರನ್ ಬಫೆಟ್ ಆತನನ್ನು ಎಬ್ಬಿಸಿ ನಿಲ್ಲಿಸಿ, ಅಮೆರಿಕದ ಹೂಡಿಕೆದಾರರಿಗೆ ಈತ ಮಾಡಿದಷ್ಟು ಉಪಕಾರವನ್ನು ಬೇರಾರೂ ಮಾಡಿರಲಾರರೆಂಬ ಮಾತನ್ನಾಡಿದಾಗ, ಆ ಹುಚ್ಚಿನ ಹೆಸರು ಯಾರ ಬಾಯಲ್ಲಿಯೂ ಉಳಿದಿರಲಿಲ್ಲ.

ಕನ್ನಡದಲ್ಲಿ ಇನ್ನೊಂದು ‘ಸಾಕು’ ಇದೆಯಷ್ಟೆ: ಪೋಷಿಸು, ಸಲಹು ಎಂಬರ್ಥದ್ದು. ನಿಘಂಟುಕಾರರು ಇವೆರಡನ್ನೂ ಬೇರೆ ಬೇರೆ ಪದಗಳೆಂದೇ ಗಣಿಸುತ್ತಾರೆ, ಅವರು ಹೇಳುವುದು ಸರಿ. ತೆಲುಗಿನಲ್ಲಿ ಮೊದಲನೆಯದು ‘ಚಾಲು’, ಎರಡನೆಯದು ‘ಸಾಕು’, ಅಲ್ಲಿ ಗೊಂದಲವೇ ಇಲ್ಲ. ಗೊಂದಲ ನಮ್ಮ ಸೊತ್ತು. ‘ಒಂದು ನಾಯಿ ಸಾಕು’ ಎಂದು ತಂದೆ ಮಗನಿಗೆ ಬರೆದರೆ, ನಾಯಿ ತಂದುಕೋ ಎಂಬ ಆದೇಶವೋ, ಇರುವುದರ ಮೇಲೆ ಇನ್ನೊಂದು ತರಬೇಡವೆಂಬ ತಡೆಯೋ ತಿಳಿಯದು. ಆದರೆ ಕೆಲವು ಮನುಷ್ಯರ ವಿಷಯದಲ್ಲಿ ಈ ಗೊಂದಲ ಬಿಡಿಸದೆ ಇರುವುದೇ ಲೇಸು. ಸಾಕುಮಗನಿಗೆ ಸಾಕುತಂದೆಯೊಡನೆ ರಕ್ತದ ನಂಟಿಲ್ಲ, ಹೆಸರಿನ ನಂಟುಂಟು, ಅನ್ನದ ನಂಟುಂಟು. ಬೋಗಲನ ಹೆಸರಿಟ್ಟುಕೊಂಡು, ಆತನ ಆಸ್ತಿಯಲ್ಲಿ ಕಾಸಿನ ಹಕ್ಕೂ ಇಲ್ಲದೆ, ಆತ ಕಟ್ಟಿದ ಮನೆಯಲ್ಲಿ ಉಂಡು ಬೆಳೆದ ಆ ಜನ ಯಾವ ಲೆಕ್ಕದಿಂದಲೂ ಆತನ ಸಾಕುಮಕ್ಕಳೇ. ದಾಯಾದಿಗಳಿಗೆ ಬರುವ ಸೂತಕ ಅವರಿಗೆ ಬರಬೇಕಾಗಿರಲಿಲ್ಲ. ಬಂದಿತು.

ಇಷ್ಟು ಬರೆದು, ಆತ ತನಗೆ ತಾನೇ ಸಾಕೆಂದುಕೊಂಡ ಯೋಗಿಯೆಂಬ ಚಿತ್ರ ಓದುಗರ ಮನಸ್ಸಿನಲ್ಲಿ ಮೂಡಿದ್ದರೆ ಅದು ನನ್ನ ತಪ್ಪು. ಕೆಲಸದ ವಿಷಯದಲ್ಲಿ ಆತನಷ್ಟು ಸಾಕರಿಯದವನು ವಿರಳ. 31ನೆಯ ವಯಸ್ಸಿಗೇ ಮೊದಲ ಹೃದಯಾಘಾತ, ಮುಂದೆ ಹಲವು. 1996ರಲ್ಲಿ, ಆಸ್ಪತ್ರೆಯಲ್ಲಿ ನೂರಕ್ಕೂ ಮಿಕ್ಕ ದಿನ ಕಾದು ಮಲಗಿದ ಮೇಲೆ, ದಾನಿಯೊಬ್ಬರ ಹೃದಯವನ್ನು ಆತನ ಎದೆಯಲ್ಲಿ ಕಸಿಮಾಡಿದರು. ಆ ಎರವಲ ಗುಂಡಿಗೆಯಿಂದ ಆತ ಇನ್ನೂ ಸುಮಾರು 23 ವರ್ಷ ಬಾಳಿ, ಬರೆದು, ವಾದಿಸಿ, ತನ್ನ ಸಂಸ್ಥೆಯ ಉತ್ತರಾಧಿಕಾರಿಗಳೊಡನೆಯೂ ಜಗಳವಾಡಿದ. ಆತನಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಕೊನೆಯ ದಿನಗಳ ಒಂದು ಲೇಖನ. ಸಾಯುವುದಕ್ಕೆ ಎರಡು ತಿಂಗಳೂ ಉಳಿದಿರದ 2018ರ ನವೆಂಬರಿನಲ್ಲಿ, ತಾನು ನೆಟ್ಟ ಸೂಚ್ಯಂಕ ನಿಧಿಯೆಂಬ ಸಸಿ ಆಲವಾಗಿ ದೇಶದ ಕಂಪನಿಗಳ ಮತಾಧಿಕಾರವೆಲ್ಲ ಕೆಲವೇ ಸಂಸ್ಥೆಗಳ ನೆರಳಿಗೆ ಸೇರುವುದು ಹಿತವೇ ಎಂದು ಆತನೇ ಪ್ರಶ್ನೆ ಎತ್ತಿದ. ಇತರರ ದುರಾಶೆಗೆ ಸಾಕು ಹೇಳುವುದು ಸುಲಭ. ತನ್ನ ಜಯದ ಎಲೆಯ ಮೇಲೆ ತಾನೇ ಕೈ ಅಡ್ಡಹಿಡಿದವರನ್ನು ನಾನು ಹೆಚ್ಚು ಕಂಡಿಲ್ಲ.

ಎಂಬತ್ತೊಂಬತ್ತು ವರ್ಷ ನಮ್ಮ ಎಣಿಕೆಯಲ್ಲಿ ಪೂರ್ಣಾಯುಸ್ಸೇ. ಇಂಥ ಸಾವಿನ ಮನೆಯಲ್ಲಿ ನೆರೆಹೊರೆಯವರು ಆಡುವ ಮಾತು ನಮಗೆಲ್ಲ ಬಾಯಿಪಾಠ: ತುಂಬಿದ ಬಾಳು, ಕಂಡದ್ದಾಯಿತು ಉಂಡದ್ದಾಯಿತು, ಸಾಕು ಬಿಡಿ. ಆ ಸಮುದಾಯದವರ ಶೋಕದಲ್ಲಿ ಇಲ್ಲದಿದ್ದುದು ಈ ಮಾತೊಂದೇ. ಧನದ ವಿಷಯದಲ್ಲಿ ಸಾಕೆನ್ನುವುದನ್ನು ಆತನಿಂದಲೇ ಕಲಿತವರು ಆತನ ವಿಷಯದಲ್ಲಿ ಮಾತ್ರ ಸಾಲದೆಂದರು. ಇದರಲ್ಲಿ ವಿರೋಧಾಭಾಸವನ್ನು ಕಾಣುವವರು ನಾನು ಮೇಲೆ ಹೇಳಿದ ಚತುರ್ಥಿಯನ್ನು ಮರೆತವರು. ನಮ್ಮ ಹಿರಿಯರು ಅದನ್ನು ಮರೆತಿರಲಿಲ್ಲ. ಶ್ರಾದ್ಧದಲ್ಲಿ ಪಿತೃಸ್ಥಾನದಲ್ಲಿ ಕುಳಿತು ಉಂಡವರ ಮುಂದೆ ಕರ್ತೃ ನಿಂತು ‘ತೃಪ್ತರಾದಿರಾ’ ಎಂದು ಕೇಳುತ್ತಾನೆ. ಆದೆವೆಂದು ಅವರೇ ಹೇಳಬೇಕು, ಅವರ ಪರವಾಗಿ ಇವನು ಹೇಳಿಕೊಳ್ಳುವಂತಿಲ್ಲ. ಆದುದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ: ತೊಂಬತ್ತು ದಾಟಿದವರೇ ತೀರಿಕೊಂಡಿರಲಿ, ಆ ಮನೆಯವರನ್ನು ಮಾತನಾಡಿಸಲು ಹೋದಾಗ ‘ವಯಸ್ಸಾಗಿತ್ತು, ಸಾಕು ಬಿಡಿ’ ಎನ್ನಬೇಡಿ, ಬೇರೆ ಮಾತು ತೋಚದಿದ್ದರೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು ಬನ್ನಿ.