ಠೇಕುವಾ

ಬಿಹಾರದ ಮಿಥಿಲೆಯಲ್ಲೂ ಸುತ್ತಲಿನ ಸೀಮೆಯಲ್ಲೂ ಛಠ್ ಹಬ್ಬಕ್ಕೆ ಮಾಡುವ ಕರಿದ ಸಿಹಿತಿಂಡಿ. ಗೋಧಿ ಹಿಟ್ಟು, ಬೆಲ್ಲ, ತುಪ್ಪ ಇದರ ಜೀವಾಳ. ಸೋಂಪು, ಏಲಕ್ಕಿ, ಒಣಕೊಬ್ಬರಿ ಸೇರುವುದುಂಟು. ಬೆಲ್ಲದ ನೀರಿನಲ್ಲಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆಯನ್ನು ಮರದ ಅಚ್ಚಿಗೆ ಒತ್ತುತ್ತಾರೆ. ಎಲೆಯ ನರಗಳಂಥ ಗೆರೆ ಮೂಡಿದ ಬಿಲ್ಲೆಯನ್ನು ಸಣ್ಣ ಉರಿಯಲ್ಲಿ ಕೆಂಪಗೆ ಕರಿಯಬೇಕು. ಉರಿ ಜೋರಾದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ನಮ್ಮ ಕಜ್ಜಾಯದ ಮೆದುತನ ಇದಕ್ಕಿಲ್ಲ. ಮುರಿದರೆ ಕಟ್ಟೆಂದು ಸದ್ದಾಗುತ್ತದೆ.

ಕಾರ್ತಿಕ ಶುಕ್ಲ ಷಷ್ಠಿಯ ಸಂಜೆ ಮುಳುಗುವ ಸೂರ್ಯನಿಗೆ, ಮರುದಿನ ಬೆಳಗ್ಗೆ ಹುಟ್ಟುವ ಸೂರ್ಯನಿಗೆ ಅರ್ಘ್ಯ ಕೊಡುವಾಗ ಬಿದಿರಿನ ಮೊರದಲ್ಲಿ ಕಬ್ಬು, ಬಾಳೆಗೊನೆ, ತೆಂಗಿನಕಾಯಿಗಳೊಡನೆ ಠೇಕುವಾ ಇರಲೇಬೇಕು. ಗೋಧಿಯನ್ನು ತೊಳೆದು ಒಣಗಿಸುವಾಗ ಹಕ್ಕಿ ಬಾಯಿ ಹಾಕದಂತೆ ಕಾಯುತ್ತಾರೆ. ಸುಮಾರು 36 ಗಂಟೆ ನೀರನ್ನೂ ಮುಟ್ಟದೆ ವ್ರತ ಹಿಡಿದವರ ಕೈಯ ಅಡುಗೆಯಿದು. ಆ ಶ್ರದ್ಧೆಯನ್ನು ಬಿಟ್ಟು ಇದರ ರುಚಿಯನ್ನು ಮಾತ್ರ ವರ್ಣಿಸುವುದು ಸರಿಯಾಗದು. ಮಿಥಿಲೆಯಲ್ಲಿ ಮಗಳ ಅತ್ತೆಮನೆಗೆ ಕಳಿಸುವ 'ಭಾರ್' ಎಂಬ ಉಡುಗೊರೆಯ ಬುಟ್ಟಿಯಲ್ಲೂ ಇಂಥ ತಿಂಡಿಗಳಿರುತ್ತವೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಿಗೆ ದುಡಿಮೆಗೆಂದು ಬಂದ ಬಿಹಾರದ ಕುಟುಂಬಗಳು ಹಬ್ಬವನ್ನೂ ತಂದವು. ಗಂಗೆ, ಕಮಲಾ ನದಿಗಳ ಬದಲು ಇಲ್ಲಿ ಠಾಣೆಯ ಉಪವನ ಕೆರೆಯಂಥ ನೀರಿನ ದಡವೇ ಘಾಟ್. ಹಲವು ದಿನ ಕೆಡದ ತಿಂಡಿಯಾದ್ದರಿಂದ, ದರ್ಭಂಗಾ ಕಡೆಯಿಂದ ಠಾಣೆ, ಕಲ್ಯಾಣಕ್ಕೆ ಬರುವ ಪವನ್ ಎಕ್ಸ್‌ಪ್ರೆಸ್ಸಿನ ದೀರ್ಘ ಪಯಣಕ್ಕೂ ಇದು ಒಗ್ಗುತ್ತದೆ. ಅರ್ಘ್ಯ ಮುಗಿದ ಮೇಲೆ ಪ್ರಸಾದವನ್ನು ಕೇಳಿ ಪಡೆಯುವುದರಲ್ಲಿ ಸಂಕೋಚವಿಲ್ಲ. ಪಕ್ಕದ ಮನೆಯ ಮರಾಠಿ, ಕನ್ನಡದವರ ಕೈಗೂ ಅದು ಬರುತ್ತದೆ.