ರಂಗಸ್ಥಳದ ಸ್ವಯಂವರ ಮತ್ತು ಕಿರುತೆರೆಯ ಸ್ವಯಂವರ

ಆಳುಪರ ಕಾಲದಲ್ಲಿ ಉದಯಪುರವೆನಿಸಿದ್ದ ಉದ್ಯಾವರದ ಪರಿಸರದಲ್ಲಿ ಸ್ವಯಂವರವೆಂಬುದು ಪುರಾಣಶ್ರವಣದಿಂದ ಮಾತ್ರ ತಿಳಿದ ಸಂಗತಿಯಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ತಲೆಮಾರುಗಳಿಂದ ಕಣ್ಣಾರೆ ಕಂಡ ದೃಶ್ಯ. ಆದುದರಿಂದ 2009ರಲ್ಲಿ ಎನ್‌ಡಿಟಿವಿ ಇಮ್ಯಾಜಿನ್ ವಾಹಿನಿಯು ‘ರಾಖೀ ಕಾ ಸ್ವಯಂವರ್’ ಎಂಬ ವರಾನ್ವೇಷಣೆಯ ರಿಯಾಲಿಟಿ ಷೋವನ್ನು ಪ್ರಸಾರ ಮಾಡಿದುದನ್ನು ಆ ಹಳೆಯ ರಂಗದೊಡನೆ ಹೋಲಿಸಿ ನೋಡುವುದು ಇಲ್ಲಿಯ ಇತಿಹಾಸಾಭ್ಯಾಸಿಗೆ ಸಹಜವಾಗಿದೆ.

ಇಂತಹ ಕಾರ್ಯಕ್ರಮಗಳ ಅಚ್ಚು ಅಮೆರಿಕೆಯದು. 1965ರಲ್ಲಿ ಅಲ್ಲಿ ಆರಂಭವಾದ ‘ದಿ ಡೇಟಿಂಗ್ ಗೇಮ್’ನಲ್ಲಿ ಆಯ್ಕೆ ಮಾಡುವವರಿಗೂ ಸ್ಪರ್ಧಿಗಳಿಗೂ ನಡುವೆ ಒಂದು ಅಡ್ಡಗೋಡೆಯಿತ್ತು, ಉತ್ತರಗಳನ್ನು ಕೇಳಿಯೇ ತೀರ್ಮಾನಿಸಬೇಕಾಗಿತ್ತು. 2002ರ ‘ದಿ ಬ್ಯಾಚುಲರ್’ ಬಂಗಲೆಯನ್ನೂ ದೀಪಾಲಂಕಾರವನ್ನೂ ಗುಲಾಬಿಯನ್ನೂ ತಂದಿತು. ನಮ್ಮಲ್ಲಿ ಗುಲಾಬಿಯ ಸ್ಥಾನಕ್ಕೆ ವರಮಾಲೆ ಬಂದಿತು. ಹಾಗೆಂದು ಇದನ್ನು ಬರಿಯ ಪಾಶ್ಚಾತ್ಯ ಅನುಕರಣವೆಂದು ತಳ್ಳಿಹಾಕುವುದನ್ನು ನಾವು ಒಪ್ಪುವುದಿಲ್ಲ. ‘ಇವರಲ್ಲಿ ನಿಜವಾದವನು ಯಾರು?’ ಎಂಬ ಪ್ರಶ್ನೆ ಸ್ವಯಂವರದ ಕಥೆಯಲ್ಲಿಯೇ ಹಿಂದಿನಿಂದ ಇದೆ.

ಯಕ್ಷಗಾನದಲ್ಲಿಯೂ ಜನಪ್ರಿಯವಾದ ನಳ-ದಮಯಂತಿಯರ ಕಥೆಯನ್ನು ನೆನೆಯಬಹುದು. ಇಂದ್ರ, ಅಗ್ನಿ, ವರುಣ, ಯಮರು ನಳನ ರೂಪವನ್ನೇ ತಾಳಿ ಸಭೆಗೆ ಬಂದರು. ದಮಯಂತಿಯು ಮೊರೆಯಿಟ್ಟ ಬಳಿಕ ಅವರು ತಮ್ಮ ದೇವಲಕ್ಷಣಗಳನ್ನು ತೋರಿದರು. ಬೆವರು, ರೆಪ್ಪೆಯ ಮಿಡಿತ, ನೆರಳು, ಬಾಡಿದ ಮಾಲೆ: ಇವುಗಳಿಂದ ಆಕೆ ಮನುಷ್ಯನಾದ ನಳನನ್ನು ಗುರುತಿಸಿದಳು.

ಕಿರುತೆರೆಯ ದೃಶ್ಯಶೈಲಿಯು ಮೊದಲು ಅಳಿಸುವುದು ಈ ಗುರುತುಗಳನ್ನೇ. ನೆರಳು ಬೀಳದ ಬೆಳಕು, ಬೆವರು ಕಾಣದ ಮುಖಾಲಂಕಾರ, ಬಾಡದ ಹೂ. ಅನಂತರ ಬೇಕಾದಷ್ಟನ್ನು ಮಾತ್ರ ಅದು ಮರಳಿ ತರುತ್ತದೆ: ಕಣ್ಣೀರನ್ನು ತೀರ ಸಮೀಪದಿಂದ ತೋರಿಸುವುದು, ಸ್ಪರ್ಧಿಯನ್ನು ಒಂಟಿಯಾಗಿ ಕುಳ್ಳಿರಿಸಿ ಕ್ಯಾಮೆರಾದೆದುರು ಮನಸ್ಸನ್ನು ತೋಡಿಕೊಳ್ಳುವಂತೆ ಮಾಡುವುದು, ಒಂದು ಮುಖಭಾವವನ್ನು ಹಿನ್ನೆಲೆ ಸಂಗೀತದಿಂದ ಹಿಗ್ಗಿಸುವುದು. ಪ್ರೇಕ್ಷಕನು ಆ ಕಣ್ಣೀರನ್ನು ಪರೀಕ್ಷಿಸುತ್ತಾನೆ. ಅದು ನಿಜವೋ ನಾಟಕವೋ ಎಂಬ ಮನೆಮಂದಿಯ ವಾಗ್ವಾದವೇ ರಂಜನೆಯ ಬಹುಭಾಗ.

ಯಕ್ಷಗಾನದ ಪ್ರೇಕ್ಷಕನು ಹೀಗೆ ಕೇಳುವುದಿಲ್ಲ. ವಾಡಿಕೆಯಂತೆ ದಮಯಂತಿಯು ಸ್ತ್ರೀವೇಷದ ಪುರುಷನೆಂದು ಅವನು ಬಲ್ಲ. ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ಇಣುಕಿ ಬಂದವನೂ ಇರಬಹುದು (ನಮ್ಮಲ್ಲಿ ಹಲವರು ಬಾಲ್ಯದಲ್ಲಿ ಇಣುಕಿದವರೇ). ಕಥೆಯನ್ನು ನಡೆಸುವ ಭಾಗವತನು ಎಲ್ಲರ ಕಣ್ಣೆದುರಿಗೇ ಇರುತ್ತಾನೆ. ರಿಯಾಲಿಟಿ ಷೋವಿನ ಭಾಗವತನಾದ ಸಂಕಲನಕಾರನು ಮಾತ್ರ ಎಂದೂ ತೆರೆಯ ಮುಂದೆ ಬರುವುದಿಲ್ಲ.

2009ರ ಆಗಸ್ಟಿನ ಕೊನೆಯ ಕಂತಿನಲ್ಲಿ ನಟಿ ರಾಖಿ ಸಾವಂತರು ವರನನ್ನು ಆರಿಸಿದರು. ಆದರೆ ನಡೆದದ್ದು ಮದುವೆಯಲ್ಲ, ನಿಶ್ಚಿತಾರ್ಥ. ಅದೂ ಬಳಿಕ ಮುರಿದುಬಿದ್ದಿತು. ನಾಟಕವಾಡಿದರೆಂಬ ಅಪವಾದವನ್ನು ಹೊತ್ತವರು ಆಕೆಯೇ. ಕಂತುಗಳನ್ನು ಕತ್ತರಿಸಿ ಜೋಡಿಸಿದವರು ಯಾರೆಂದು ಕೇಳಿದವರು ವಿರಳ.