ಹೆಸರು ಇಂಡಿಯಾ, ರುಚಿ ಕಹಿ

ನಾನು ವಿಜಯಪುರ ಜಿಲ್ಲೆಯ ಇಂಡಿಯವನು. ಕಳೆದ ವರ್ಷ ಬೆಂಗಳೂರಿನಲ್ಲಿ ಸೋದರಳಿಯನು ನನ್ನ ಮುಂದಿಟ್ಟ ಬಿಯರಿನ ಹೆಸರು ‘ಇಂಡಿಯಾ ಪೇಲ್ ಏಲ್’ ಎಂದು ಕೇಳಿದಾಗ, ಈ ಪರದೇಶಿ ಪಾನೀಯಕ್ಕೆ ನಮ್ಮ ದೇಶದ ಹೆಸರು ಅಂಟಿಕೊಂಡ ಬಗೆ ಹೇಗೆಂಬ ಕುತೂಹಲ ಹುಟ್ಟಿತು. ಗುಟುಕಿಗೆ ಮೊದಲು ಚರಿತ್ರೆಯನ್ನು ವಿಚಾರಿಸುವುದು ನನ್ನಂಥ ನಿವೃತ್ತ ಮಾಸ್ತರರ ಚಟ.

ಸಂಗತಿ ಹೀಗಿದೆ. 18ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಎಂಬಲ್ಲಿ ಹಾಡ್ಜ್‌ಸನ್ ಮನೆತನದವರ ಬಿಯರ್ ಕಾರ್ಖಾನೆಯಿತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ತಂಗುತ್ತಿದ್ದ ಬ್ಲ್ಯಾಕ್‌ವಾಲ್ ಅದಕ್ಕೆ ಸಮೀಪ. ಹಡಗಿನ ಕಪ್ತಾನರಿಗೆ ಅವರು ದೀರ್ಘಾವಧಿಯ ಉದ್ದರಿ ಕೊಡುತ್ತಿದ್ದರು. ಆಫ್ರಿಕಾದ ತುದಿಯನ್ನು ಬಳಸಿ ಬರುವ ತಿಂಗಳುಗಟ್ಟಲೆಯ ಪ್ರಯಾಣ ಅದು. ಹಾಪ್ ಎಂಬ ಬಳ್ಳಿಯ ಹೂವು ಬಿಯರಿಗೆ ಕಹಿ ಕೊಡುತ್ತದೆ. ಕೆಡಿಸುವ ಸೂಕ್ಷ್ಮಜೀವಿಗಳನ್ನೂ ತಡೆಯುತ್ತದೆ. ಹಾಡ್ಜ್‌ಸನ್ನನು ಹೂವನ್ನು ಹೆಚ್ಚಿಸಿ, ಭಾರತಕ್ಕೆಂದೇ ಹೊಸ ಬಿಯರನ್ನು ಕಂಡುಹಿಡಿದನೆಂಬ ಕಥೆ ಹೀಗೆ ಹಬ್ಬಿತು.

ಕಥೆ ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ. ಪೇಲ್ ಏಲ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ‘ಪೋರ್ಟರ್’ ಎಂಬ ಕಪ್ಪು ಬಿಯರೂ ಅದೇ ಸಮುದ್ರವನ್ನು ಕೆಡದೆ ದಾಟಿ ಬರುತ್ತಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಾಪ್, ಬಾಸ್ ಮೊದಲಾದವರು ಪೈಪೋಟಿಗಿಳಿದರು. ಜಿಪ್ಸಂ ಬೆರೆತ ಅಲ್ಲಿಯ ನೀರು ಕಹಿಗೆ ಮೊನೆ ಕೊಟ್ಟಿತು. 1830ರ ದಶಕದ ಜಾಹೀರಾತುಗಳಲ್ಲಿ ‘ಈಸ್ಟ್ ಇಂಡಿಯಾ ಪೇಲ್ ಏಲ್’ ಎಂಬ ಹೆಸರು ಕಾಣುತ್ತದೆ. ಜವೆಗೋದಿ ಅವರದು, ಹೂವು ಅವರದು, ಕುಡಿದವರೂ ಬಹುಮಟ್ಟಿಗೆ ಅವರೇ. ನಮ್ಮದು ಹೆಸರೊಂದೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲದ ಕಾಳು ಬಿಳಿಜೋಳ, ಅದು ರೊಟ್ಟಿಗೆ. ನಮ್ಮಲ್ಲಿ ಕುಡಿತದ ಮಾತು ರುಚಿಯ ಮಾತಾಗಿರಲಿಲ್ಲ, ನೀತಿಯ ಮಾತಾಗಿತ್ತು. ಬಾಗೇವಾಡಿ ಬಸವಣ್ಣನವರ ಹುಟ್ಟೂರು. ಅವರ ಕಾಲದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬನೆಂಬುದನ್ನು ಮರೆಯಲಾಗದು. ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1949ರ ಪಾನನಿರೋಧ ಕಾಯಿದೆ ಬಂದಿತು; 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು; 1967ರಲ್ಲಿ ಆ ನಿರ್ಬಂಧ ತೆರವಾಯಿತು. ನನ್ನ ಅಜ್ಜನ ತಮ್ಮ ಪಾನನಿರೋಧವಿದ್ದಾಗಲೇ ಕಳ್ಳಬಟ್ಟಿಗೆ ಬಿದ್ದು ನಾಲ್ಕೆಕರೆ ಹೊಲ ಕಳೆದ. ಆ ಹೊಲದ ಬದುವಿನ ಮೇಲೆ ಹಾಯುವಾಗಲೆಲ್ಲ ನಮ್ಮ ತಂದೆ ಮುಖ ತಿರುಗಿಸುತ್ತಿದ್ದರು. ಲೋಟವನ್ನು ಕೈಗೆತ್ತಿಕೊಳ್ಳುವುದು ನನಗೆ ಸಲೀಸಾಗಿರಲಿಲ್ಲ.

ಅಳಿಯನೋ ಬಿಯರಿನ ಗುಣಪರೀಕ್ಷೆಯನ್ನು ಶ್ರದ್ಧೆಯಿಂದ ಕಲಿಯುತ್ತಿದ್ದ. ಅಮೆರಿಕದ ಪರೀಕ್ಷಕರು ರೂಪಿಸಿದ ಅಂಕಪಟ್ಟಿಯನ್ನು ತೋರಿಸಿದ. ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಕುವ ಹದಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ಹೆಸರಿಗೆ ಅಂಕವಿಲ್ಲ, ಹಡಗಿನ ಕಥೆಗೂ ಇಲ್ಲ. ನ್ಯಾಯವೆಂದರೆ ಇದು ಎನ್ನಿಸಿತು.

“ಮಾಮಾ, ಮೊದಲ ವಾಸನಿ ನೋಡ್ರಿ,” ಎಂದ. ಮೂಗಿನ ಬಳಿ ತಂದರೆ ಆಗತಾನೆ ಹಿಂಡಿದ ಲಿಂಬೆಯ ಸಿಪ್ಪೆಯ ಪರಿಮಳ! ನಮ್ಮೂರ ತೋಟವೇ ನೆನಪಾಯಿತು. ಆದರೆ ಅದು ಲಿಂಬೆಯದಲ್ಲ, ಹಾಪ್ ಹೂವಿನದು. 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ಕ್ಯಾಸ್ಕೇಡ್’ ತಳಿಯಿಂದ ಈ ಹುಳಿಹಣ್ಣಿನ ಪರಿಮಳ ಬಿಯರಿಗೆ ಬಂದಿತು. ಇಂದಿನ ಸಣ್ಣ ತಯಾರಕರ ಪೇಲ್ ಏಲ್ ಬಹುಪಾಲು ಆ ಅಮೆರಿಕನ್ ದಾರಿಯದು. ಇಂಡಿಯ ಲಿಂಬೆಗಾದರೋ ತನ್ನ ಊರಿನ ಹೆಸರಿನ ಮೇಲೆ ಭೌಗೋಳಿಕ ಸೂಚಕದ ಹಕ್ಕು ದೊರೆತದ್ದು 2023ರಲ್ಲಿ. ಇಂಡಿಯಾದ ಹೆಸರು ಯಾರನ್ನೂ ಕೇಳದೆ ಬಿಯರಿನ ಪೀಪಾಯಿ ಏರಿತ್ತು.

ಎರಡು ಗುಟುಕು ಕುಡಿದೆ. ತಾಮ್ರದ ಬಣ್ಣ, ನಿಂತ ನೊರೆ, ಒಳ್ಳೆಯ ಪರಿಮಳ. ಕಹಿ ಮಾತ್ರ ಮೊಳಕೆಕಾಳಿನ ಸಿಹಿಯನ್ನು ಮೀರಿತ್ತು. ನುಂಗಿದ ಮೇಲೂ ನಾಲಗೆಯನ್ನು ಬಿಡಲಿಲ್ಲ. ಯುಗಾದಿಯ ಬೇವು-ಬೆಲ್ಲ ತಿಂದವರಿಗೆ ಎರಡರ ಹದವೇನೆಂದು ಬೇರೆ ಹೇಳಬೇಕಿಲ್ಲ. 50ಕ್ಕೆ 33 ಕೊಟ್ಟೆ. ಅಳಿಯನ ಲೆಕ್ಕವೂ ಅದರ ಆಸುಪಾಸಿನಲ್ಲೇ ಇತ್ತು.

“ಮತ್ಯಾಕ ಲೋಟ ಹಂಗs ಇಟ್ಟೀರಿ ಮಾಮಾ?” ಎಂದು ಕೇಳಿದ. ಅದಕ್ಕೆ ಬಿಯರಿನ ದೋಷ ಕಾರಣವಲ್ಲ, ನಾಲ್ಕೆಕರೆ ಹೊಲ ಕಾರಣ. ಅದಕ್ಕೂ ಆ ಪಟ್ಟಿಯಲ್ಲಿ ಅಂಕವಿಲ್ಲ.